ಶೀನಣ್ಣನ ಬರಿಗಾಲಿನ ಲೋಕಯಾತ್ರೆ

ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಮ್ಮ ಮನೆಯಲ್ಲಿ ನಾನು "ಊಟ ಆಯ್ತು" ಅಂದರೂ ಯಾರೂ ನಂಬುವುದಿಲ್ಲ, ಬಂದು ತಟ್ಟೆ ಮುಟ್ಟಿ ನೋಡುತ್ತಾರೆ. ಆದರೂ ಹೇಳಲೇಬೇಕು. ಯಾಕೆಂದರೆ ಮೊನ್ನೆ ಉಡುಪಿಯ ಅಜ್ಜಿಮನೆಯ ಜಗಲಿಯಲ್ಲಿ ನನ್ನ ಹಳೆಯ ಕ್ಯಾನ್ವಾಸ್ ಶೂ ಕೊಡವಿದಾಗ ಒಳಗಿಂದ ಒಂದು ಬಕೆಟ್ ಮರಳು ಬಿತ್ತು. ಸರಿ, ಒಂದು ಹಿಡಿ. ಆಯ್ತು, ಒಂದು ಚಮಚ. ಅಜ್ಜಿ "ಎಂತದ್ದು ಅದು ಕಸ?" ಅಂದರು. "ಕಸ ಅಲ್ಲ ಅಜ್ಜಿ, ಫಾರಿನ್ನು" ಅಂದೆ. ಅಜ್ಜಿ ಫಾರಿನ್ನನ್ನು ಗುಡಿಸಿ ದಾಸವಾಳದ ಬುಡಕ್ಕೆ ಹಾಕಿದರು.

ಆ ಮರಳು ನೋಡಿದಾಗ ಬೇರೆ ಯಾರಿಗಾದರೂ ಕುವೈತಿನ ಸಮುದ್ರ ನೆನಪಾಗುತ್ತಿತ್ತು, ಇಲ್ಲವೇ ಟ್ಯಾಂಕು. ನನಗೆ ನೆನಪಾದದ್ದು ಶೀನಣ್ಣನ ಕಾಲು. ಎರಡು ಕಾಲು, ಹತ್ತು ಬೆರಳು, ಚಪ್ಪಲಿ ಇಲ್ಲ. ಆ ಕಾಲುಗಳು ಹೋಗಿ ನಿಲ್ಲದ ದೇವಸ್ಥಾನ, ಮಸೀದಿ, ಇಗರ್ಜಿ ಭೂಮಿಯ ಮೇಲೆ ಇಲ್ಲ ಎಂದು ಶೀನಣ್ಣ ಹೇಳುತ್ತಿದ್ದರು. ಆ ಕಾಲುಗಳು ಕುವೈತಿನ ನಮ್ಮ ಮನೆ ಪಕ್ಕದ ಫಹಾಹೀಲ್ ಪೇಟೆ ದಾಟಿ ಎಲ್ಲಿಗೂ ಹೋಗಿಲ್ಲ ಎಂದು ನಾನು ಹೇಳುತ್ತಿದ್ದೆ.

ಅಬು ಹಲೀಫಾದ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡ ಕೇಳುತ್ತಿದ್ದದ್ದು ಮೂರೇ ಬಾಗಿಲುಗಳ ಹಿಂದೆ. ಎರಡನೇ ಮಾಳಿಗೆಯಲ್ಲಿ ನಾವು. ಎದುರಿಗೆ ಮೈಸೂರಿನ ಮೂರ್ತಿ ಅಂಕಲ್, ಇಂಜಿನಿಯರು; ರಜೆಗೆಂದು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಒಬ್ಬರೇ ಇದ್ದರು. ಮೇಲಿನ ಮಾಳಿಗೆಯಲ್ಲಿ ಶೀನಣ್ಣ. ಅಪ್ಪ ಅಮ್ಮ ಇಬ್ಬರೂ ಅವರನ್ನು ಅಣ್ಣ ಅನ್ನುತ್ತಿದ್ದರು, ನಾನು ಎದುರಿಗೆ ಅಂಕಲ್ ಅನ್ನುತ್ತಿದ್ದೆ, ಹಿಂದಿನಿಂದ ಅನ್ನುತ್ತಿದ್ದುದನ್ನು ಇಲ್ಲಿ ಬರೆಯುವಂತಿಲ್ಲ. ಅವರು ವಿಮಾನ ನಿಲ್ದಾಣದ ಸರಕು ಆಫೀಸಿನಲ್ಲಿದ್ದರು. ವರ್ಷಕ್ಕೊಮ್ಮೆ ಎಲ್ಲಿಗೆ ಬೇಕಾದರೂ ಪುಕ್ಕಟೆ ಟಿಕೆಟು. ಕಾಪುವಿನಲ್ಲಿದ್ದ ತಾಯಿಯನ್ನು ನೋಡಲು ಹೋದರೆ ಹೆಣ್ಣು ನೋಡಲು ಕರೆದುಕೊಂಡು ಹೋಗುತ್ತಾರೆ ಎಂಬ ಭಯಕ್ಕೆ ಮನುಷ್ಯ ಒಂದು ವರ್ಷ ತಾಯಿಯನ್ನು ನೋಡಿದರೆ ಮೂರು ವರ್ಷ ದೇವರನ್ನು ನೋಡುತ್ತಿದ್ದರು. ಎಲ್ಲ ದೇಶದ ದೇವರನ್ನು. ಬಂದ ಮೇಲೆ ಶುಕ್ರವಾರ ಶುಕ್ರವಾರ ಸ್ಲೈಡ್ ಪ್ರೊಜೆಕ್ಟರ್ ಹೊತ್ತುಕೊಂಡು ಇಳಿದು ಮೂರ್ತಿ ಅಂಕಲ್ ಮನೆಯ ಗೋಡೆಗೆ ನಮ್ಮನ್ನೆಲ್ಲ ಯಾತ್ರೆ ಹೊರಡಿಸುತ್ತಿದ್ದರು.

ಗೋಡೆಗೆ ಕಟ್ಟುತ್ತಿದ್ದದ್ದು ಅಮ್ಮನ ಬೆಡ್‌ಶೀಟು. ಅದರ ಎಡಗಡೆಗೆ ಯಾವ ಸೋಪಿಗೂ ಬಗ್ಗದ ಒಂದು ಅರಿಶಿನದ ಕಲೆ. ಹಾಗಾಗಿ ಲೋಕದ ಯಾವ ಪುಣ್ಯಸ್ಥಳಕ್ಕೆ ಹೋದರೂ ಎಡಗಡೆ ಒಂದು ಹಳದಿ ಮೋಡ ನಮ್ಮ ಜೊತೆಗೇ ಬರುತ್ತಿತ್ತು.

ಈಗ ನೀವೇ ಹೇಳಿ, ಲೋಕ ಸುತ್ತಿದವರು ಏನು ಹೇಳಬೇಕು? ಯಾವ ರಾಜ ಕಟ್ಟಿಸಿದ, ಗೋಪುರ ಎಷ್ಟು ಎತ್ತರ, ಯಾವ ಯುದ್ಧದಲ್ಲಿ ಬಿತ್ತು, ಯಾರು ಎತ್ತಿ ನಿಲ್ಲಿಸಿದರು. ಶೀನಣ್ಣನ ಬಾಯಲ್ಲಿ ಇದೊಂದೂ ಬರುತ್ತಿರಲಿಲ್ಲ. ಇಸ್ತಾಂಬುಲಿನ ನೀಲಿ ಮಸೀದಿ ಗೋಡೆಯ ಮೇಲೆ ಬಂದಾಗ ನಾನು ಕೇಳಿದ್ದೆ, "ಇದರ ಸ್ಪೆಷಾಲಿಟಿ ಎಂತ ಅಂಕಲ್?"

"ಕಾರ್ಪೆಟ್ ಮಾರಾಯ್ತಿ! ಬೆಕ್ಕಿನ ಬೆನ್ನಿನ ಮೇಲೆ ನಡೆದ ಹಾಗೆ. ಮತ್ತೆ ಚಪ್ಪಲಿ ಇಡ್ಲಿಕ್ಕೆ ಮರದ ಕಪಾಟು ಉಂಟು. ಎಂತ ವ್ಯವಸ್ಥೆ ಗೊತ್ತುಂಟಾ?"

"ಮೇಲೆ ಗುಮ್ಮಟ?"

"ಅದೂ ಉಂಟು."

ಹೀಗೆ. ರಂಗೂನಿನ ಚಿನ್ನದ ಪಗೋಡ ಅಂದರೆ ಅವರಿಗೆ ಅಮೃತಶಿಲೆಯ ನೆಲ. ಜರ್ಮನಿಯ ಎರಡು ಗೋಪುರದ ದೊಡ್ಡ ಇಗರ್ಜಿ ಅಂದರೆ ಕಲ್ಲಿನ ನೆಲ, "ಫ್ರಿಜ್ಜಿನೊಳಗೆ ಕಾಲಿಟ್ಟ ಹಾಗೆ". ಮನುಷ್ಯ ಜಗತ್ತನ್ನು ನೋಡಿದ್ದೇ ಅಲ್ಲ, ತುಳಿದದ್ದು. ಫೋಟೋಗಳೂ ಹಾಗೇ. ಒಂದರಲ್ಲೂ ಗೋಪುರದ ತುದಿ ಇಲ್ಲ, ಎಲ್ಲವೂ ಅರ್ಧಕ್ಕೇ ಕತ್ತರಿಸಿ ಹೋಗಿವೆ. ಆದರೆ ಕಾಲು ಮಾತ್ರ ಹೆಬ್ಬೆರಳ ಉಗುರಿನವರೆಗೆ ಬಂದಿದೆ. ಇಸ್ತಾಂಬುಲಿನಲ್ಲಿ ಪಾದ ಎರಡೂ ಹರಡಿಕೊಂಡು, ಸ್ವಂತ ಮನೆಯ ಹಾಲಿನಲ್ಲಿ ನಿಂತ ಹಾಗೆ. ಜರ್ಮನಿಯಲ್ಲಿ ಹಿಮ್ಮಡಿ ಊರಿ ಬೆರಳೆಲ್ಲ ಮೇಲಕ್ಕೆ. ರಂಗೂನಿನಲ್ಲಿ ಒಂದು ಕಾಲು ನೆಲಕ್ಕೆ, ಇನ್ನೊಂದು ಮೊಣಕಾಲಿನ ಹಿಂದೆ ಅಡಗಿಸಿಟ್ಟು, ಥೇಟ್ ಕೊಕ್ಕರೆ. ಹಿಂದೆ ಅಷ್ಟು ದೊಡ್ಡ ಚಿನ್ನದ ಪಗೋಡ, ಮುಂದೆ ಪ್ಯಾಂಟು ಹಾಕಿದ ಕೊಕ್ಕರೆ. ನಾನು ಪ್ರತಿ ಸಲವೂ ಸೋಫಾದಿಂದ ಕೆಳಗೆ ಬೀಳುವಷ್ಟು ನಗುತ್ತಿದ್ದೆ. ಬಿದ್ದದ್ದು ಒಂದು ಸಲ.

ತೊಂಬತ್ತರ ಆಗಸ್ಟ್ ಬರುವ ತನಕ ಇದೆಲ್ಲ ನಗುವ ವಿಷಯವಾಗಿತ್ತು. ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು, ಶಾಲೆ ಆಫೀಸು ಎಲ್ಲ ಖಲಾಸ್, ಬಿಲ್ಡಿಂಗಿನಲ್ಲಿ ಉಳಿದ ಒಂದೇ ಉದ್ಯೋಗ ಅನುಮಾನ. ಅಪ್ಪ ರೇಡಿಯೋವನ್ನು ಅನುಮಾನಿಸಿದರು. ಮೂರು ದೇಶದ ಸುದ್ದಿ ಕೇಳಿ ಮೂರನ್ನೂ ನಂಬದೆ ಮಲಗುತ್ತಿದ್ದರು. ಅಮ್ಮ ಅಕ್ಕಿಯನ್ನು ಅನುಮಾನಿಸಿದಳು, ಮೊನ್ನೆ ಇಷ್ಟಿತ್ತು ಇಂದು ಇಷ್ಟೇ ಯಾಕೆ ಎಂದು ಡಬ್ಬದೊಳಗೆ ಕೈ ಹಾಕಿ ಅಳೆಯುತ್ತಿದ್ದಳು. ಮೂರ್ತಿ ಅಂಕಲ್ ಯಾರೋ ಕದ್ದು ಕೇಳುತ್ತಾರೆಂದು ಟೆಲಿಫೋನಿನ ಮೇಲೆ ದಿಂಬು ಹಾಕಿಟ್ಟಿದ್ದರು, ಅದು ಸತ್ತು ಎಷ್ಟೋ ದಿನವಾಗಿದ್ದರೂ. ಖುಬೂಸ್ ರೊಟ್ಟಿಗೆ ಕ್ಯೂ ನಿಂತರೆ ಹಿಂದಿನವನು, ಮುಂದಿನವನು ಎಷ್ಟು ರೊಟ್ಟಿ ಕೇಳುತ್ತಾನೋ ಎಂದು ನೋಡುತ್ತಿದ್ದ. ಇಂಥ ಊರಿನಲ್ಲಿ ಹದಿನೈದು ವರ್ಷದ ಚುರುಕು ಹುಡುಗಿಯೊಬ್ಬಳು ಯಾರನ್ನೂ ಅನುಮಾನಿಸದೆ ಕುಳಿತರೆ ಚೆನ್ನಾಗಿರುತ್ತದೆಯೇ?

ಅಷ್ಟರಲ್ಲಿ ಶೀನಣ್ಣ ನಾವೆಲ್ಲ ಊರಿಗೆ ಪಾರಾಗಲು ಒಂದು ಬಸ್ಸು ಗೊತ್ತುಮಾಡಿದರು. ಬಸ್ರಾ ದಾಟಿ ಬಾಗ್ದಾದಿನ ತನಕ ಅದೇ ಬಸ್ಸು. ಅಲ್ಲಿಂದ ಬೇರೆ ಗಾಡಿ ನೋಡಿಕೊಂಡು ಜೋರ್ಡಾನ್ ಗಡಿ, ಆಮೇಲೆ ಅಮ್ಮಾನ್. ಅಮ್ಮಾನಿನಲ್ಲಿ ಊರಿನ ವಿಮಾನ ಸಿಗುತ್ತದಂತೆ. ಬಾಗ್ದಾದಿನಿಂದ ಮುಂದೆ ಮುಖಂಡ ಯಾರು? ಶೀನಣ್ಣ. ಯಾಕೆ? ಅವರು ಜೋರ್ಡಾನ್ ನೋಡಿದವರು. ನಮ್ಮ ಮೂರು ಮನೆಯವರೂ ಬರುವುದಾದರೆ ಬಸ್ಸಿನವನು ಸೀಟು ಹಿಡಿದಿಡುತ್ತಾನೆ, ಇಲ್ಲದಿದ್ದರೆ ಬೇರೆಯವರಿಗೆ. ಅವನಿಗೆ ಶುಕ್ರವಾರ ಸಂಜೆಯೊಳಗೆ ಮಾತು ಬೇಕಿತ್ತು. ಇನ್ನೊಂದು ಬಸ್ಸು ಬರುತ್ತದೆಂದು ಹೇಳುವವರು ಯಾರೂ ಇರಲಿಲ್ಲ.

ಅಪ್ಪ ಒಂದು ಟೈರ್ ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದವರು. ಬಂದ ಪೆಟ್ಟಿಗೆಯನ್ನೆಲ್ಲ ಅನುಮಾನಿಸಿಯೇ ಅವರಿಗೆ ಸಂಬಳ. "ಶೀನಣ್ಣ, ಜೋರ್ಡಾನಿನಲ್ಲಿ ಎಲ್ಲಿಗೆ ಹೋದದ್ದು ನೀವು?" ಎಂದು ಕೇಳಿದರು.

"ಮಾದಬಾ ಅಂತ ಒಂದು ಊರು ಸದಾಶಿವರೇ. ಅಮ್ಮಾನಿನ ಹತ್ತಿರವೇ. ಅಲ್ಲಿ ಒಂದು ಇಗರ್ಜಿ ಉಂಟು, ಅದರ ನೆಲದಲ್ಲಿ ಮ್ಯಾಪ್ ಉಂಟು."

"ನೆಲದಲ್ಲಿ?"

"ನೆಲದಲ್ಲಿಯೇ. ಸಣ್ಣ ಸಣ್ಣ ಬಣ್ಣದ ಕಲ್ಲಿನಲ್ಲಿ ಇಡೀ ಸೀಮೆಯ ಮ್ಯಾಪ್. ಊರು, ನದಿ, ನದಿಯಲ್ಲಿ ಮೀನು ಸಹ. ಸಾವಿರ ವರ್ಷಕ್ಕಿಂತ ಹಳೇದು. ಅದರ ಅಂಚಿನಲ್ಲಿ ನಾನು ಬರಿಗಾಲಲ್ಲಿ ನಿಂತದ್ದುಂಟು. ದಾರಿ ಗೊತ್ತಿಲ್ವಾ ನನಗೆ?"

ಶೀನಣ್ಣ ಹೋದ ಮೇಲೆ ಅಪ್ಪ ಅಮ್ಮನ ಕಡೆ ತಿರುಗಿ, "ಸಾವಿರ ವರ್ಷದ ಮ್ಯಾಪಿನಲ್ಲಿ ಪೆಟ್ರೋಲ್ ಪಂಪ್ ಉಂಟಾ ಕೇಳ್ಬೇಕಿತ್ತು" ಅಂದರು. ಅಮ್ಮ ಚಪಾತಿ ಲಟ್ಟಿಸುತ್ತಲೇ ಇದ್ದಳು. ಹೋಗುವುದೋ ಇಲ್ಲವೋ ತಿಳಿಯುವ ಮೊದಲೇ ಅವಳು ದಾರಿಗೆ ಚಪಾತಿ ಮಾಡಲು ಶುರು ಮಾಡಿದ್ದಳು. ಹೋಗದಿದ್ದರೆ ಮನೆಯಲ್ಲೇ ತಿಂದರಾಯಿತು ಎನ್ನುವುದು ಅವಳ ರಾಜಕೀಯ.

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ನನಗೆ ಜ್ಞಾನೋದಯವಾಯಿತು. ಇದಕ್ಕೆ ಕಾರಣ ಸ್ವಿಟ್ಜರ್ಲೆಂಡ್.

ಫಹಾಹೀಲಿನಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಒಳಗೆ ಛಾವಣಿಯಿಂದ ನೆಲದ ತನಕ ಸುರುಳಿ ಬಿಚ್ಚುವ ಪರದೆಗಳು: ಹಿಮದ ಬೆಟ್ಟ, ತಾಜಮಹಲು, ಜಲಪಾತ, ಯಾವುದು ಬೇಕೋ ಅದು. ಪರದೆಯ ಕೆಳತುದಿ ನೆಲದ ಮೇಲೂ ಹಾಸಿರುತ್ತಿತ್ತು, ನಾವು ಹುಲ್ಲಿನ ಮೇಲೆ ನಿಂತ ಹಾಗೆ ಕಾಣಲಿ ಅಂತ. ಹುಲ್ಲು ಕೊಳಕಾಗಬಾರದಲ್ಲ, ಫೋಟೋದವನು ಬಾಗಿಲಲ್ಲೇ "ಚಪ್ಪಲ್ ಉತಾರೋ ಭಾಯಿ, ಚಪ್ಪಲ್!" ಎಂದು ಕೂಗುತ್ತಿದ್ದ. ಒಮ್ಮೆ ಅಪ್ಪ, ಅಮ್ಮ, ನಾನು ಮೂವರೂ ಎಸಿಯ ತಂಪಿನಲ್ಲಿ, ಹಿಮದ ಬೆಟ್ಟದ ಬುಡದಲ್ಲಿ, ಬರಿಗಾಲಲ್ಲಿ ನಿಂತು ನಕ್ಕೆವು. ಆ ಫೋಟೋದ ಒಂದು ಪ್ರತಿಯನ್ನು ನಾನು ಅಜ್ಜಿಗೆ ಕಳಿಸಿ, ಹಿಂದೆ "ಸ್ವಿಟ್ಜರ್ಲೆಂಡಿನಿಂದ ಪ್ರೀತಿಯಿಂದ" ಎಂದು ಬರೆದೆ. ಅಜ್ಜಿ ಅದನ್ನು ಓಣಿಗೆಲ್ಲ ತೋರಿಸಿ, "ಪಾಪ, ಆ ದೇಶದಲ್ಲಿ ಚಪ್ಪಲಿ ಸಿಗುದಿಲ್ಲ ಕಾಣ್ತದೆ" ಎಂದು ಅತ್ತರಂತೆ.

ಹಾಗಾದರೆ ಬರಿಗಾಲು ಎಂದರೆ ಏನು? ಪರದೆ! ಶೀನಣ್ಣನ ಫೋಟೋಗಳಲ್ಲೆಲ್ಲ ಬರಿಗಾಲು. ಹಾಗಾದರೆ ಶೀನಣ್ಣನ ಇಡೀ ಲೋಕ? ಪರದೆ! ಬಾಯಲ್ಲಿದ್ದ ಪೇಸ್ಟ್ ನುಂಗಿಬಿಟ್ಟೆ. ಕಳ್ಳನನ್ನು ಹಿಡಿಯಲು ಕಳ್ಳನೇ ಬೇಕು ಎನ್ನುತ್ತಾರೆ. ನಾನು ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವಳು, ನನಗಲ್ಲದೆ ಯಾರಿಗೆ ಗೊತ್ತಾಗಬೇಕು? ಇಂಥ ಮನುಷ್ಯನ ಹಿಂದೆ ಮರುಭೂಮಿಗೆ ಹೋದರೆ ನಾವು ಕೊನೆಗೆ ಯಾವುದಾದರೂ ಪರದೆಗೇ ಮೂಗು ಬಡಿದುಕೊಂಡು ನಿಲ್ಲಬೇಕಾದೀತು.

ಶುಕ್ರವಾರ ಮಧ್ಯಾಹ್ನ ಮೂರ್ತಿ ಅಂಕಲ್ ಹಾಲಿನಲ್ಲಿ ಕೊನೆಯ ಸ್ಲೈಡ್ ಶೋ. ಬಸ್ಸಿನ ಮಾತಿಗೆ ಕೂರುವ ಮೊದಲು ಮನಸ್ಸು ಹಗುರವಾಗಲಿ ಎಂದು ಶೀನಣ್ಣನೇ ಇಟ್ಟದ್ದು. ಅಮ್ಮ ಬಂದಿರಲಿಲ್ಲ, ಒಲೆಯ ಮೇಲೆ ಚಪಾತಿ ಇತ್ತು. ನಾನು ಸ್ವಿಟ್ಜರ್ಲೆಂಡನ್ನು ಚೌಕಟ್ಟಿನ ಸಮೇತ ಶಾಲಿನೊಳಗೆ ಅಡಗಿಸಿ ತಂದಿದ್ದೆ. ಜರ್ಮನಿ ಗೋಡೆಗೆ ಬರುವ ತನಕ ಕಾದೆ.

"ಅಂಕಲ್, ಒಂದು ಡೌಟು. ಯಾವ ಫೋಟೋದಲ್ಲೂ ನಿಮ್ಮ ಶೂ ಯಾಕಿಲ್ಲ?"

"ದೇವರ ಎದುರು ಶೂ ಹಾಕ್ತಾರಾ ಮಾರಾಯ್ತಿ?"

"ಚರ್ಚಲ್ಲಿ ಹಾಕ್ತಾರೆ. ಅಲ್ಲಿ ನಿಮ್ಮ ಹಿಂದೆ ಇದ್ದವರೆಲ್ಲ ಹಾಕಿದ್ದಾರೆ."

"ಅವರದ್ದು ಅವರಿಗೆ. ನಮ್ಮದು ನಮಗೆ. ಬಾಗಿಲಲ್ಲಿ ಬಿಚ್ಚಿಟ್ಟು ಹೋದೆ."

"ಫೋಟೋ ತೆಗೆದದ್ದು ಯಾರು?"

"ಯಾರಾದರೂ ದಾರಿಯಲ್ಲಿ ಹೋಗುವವರ ಕೈಗೆ ಕ್ಯಾಮೆರಾ ಕೊಡುದು."

"ಅವರು ಕ್ಯಾಮೆರಾ ತಗೊಂಡು ಓಡ್ಲಿಲ್ವಾ?"

"ದೇವರ ಬಾಗಿಲಲ್ಲಿ ಯಾರು ಓಡ್ತಾರೆ? ಕ್ಯಾಮೆರಾ ಓಡ್ಲಿಲ್ಲ. ಶೂ ಓಡಿತು."

ಮೂರ್ತಿ ಅಂಕಲ್ ಎದ್ದು ಕುಳಿತರು. "ಏನು ಸ್ವಾಮಿ, ಶೂ ಓಡ್ತಾ?"

"ಹೌದು ಮಾರ್ರೆ. ನಮ್ಮಲ್ಲಾದರೆ ದೇವಸ್ಥಾನದ ಬಾಗಿಲಲ್ಲಿ ನೂರು ಜೊತೆ ಇರ್ತದೆ. ಅಲ್ಲಿ ಇದ್ದದ್ದು ನನ್ನದೊಂದೇ. ಗುಡಿಸುವ ಅಜ್ಜಿ ಯಾರೋ ಬಿಸಾಡಿದ್ದು ಅಂತ ತಗೊಂಡು ಹೋದಳು. ಹೊರಗೆ ಚಳಿಯಲ್ಲಿ ಕುಣಿತಾ ಇದ್ದೆ. ಪಾದ್ರಿಯವರು ನೋಡಿ ಪಾಪ ಕಂಡು ತೋಟದವನ ಗಮ್‌ಬೂಟು ಕೊಟ್ಟರು. ಅದರಲ್ಲೇ ಕುವೈತಿಗೆ ಬಂದದ್ದು. ನಂಬಿಕೆ ಇಲ್ಲದಿದ್ದರೆ ನನ್ನ ಬಾಗಿಲಲ್ಲಿ ನೋಡು. ಒಂದರಲ್ಲಿ ಪುದೀನ ನೆಟ್ಟಿದ್ದೇನೆ, ಇನ್ನೊಂದರಲ್ಲಿ ಕೊತ್ತಂಬರಿ."

ಅಪ್ಪನ ಮುಖ ಕಪ್ಪಿಟ್ಟಿತು. ಆ ಪುದೀನದ ಚಟ್ನಿಯನ್ನು ಅವರು ಎರಡು ವರ್ಷದಿಂದ ಹೊಗಳಿಕೊಂಡು ತಿಂದಿದ್ದರು.

"ಗಮ್‌ಬೂಟು ಫಹಾಹೀಲಿನಲ್ಲೂ ಸಿಗ್ತದೆ" ಅಂದೆ.

"ಮಳೆಯೇ ಬಾರದ ಊರಲ್ಲಿ ಗಮ್‌ಬೂಟು ಯಾರು ಮಾರ್ತಾರೆ ಪಮ್ಮಿ?" ಅಪ್ಪನಿಗೆ ಸ್ಟೋರಿನ ಬುದ್ಧಿ.

"ಮೀನು ಮಾರ್ಕೆಟಿನವರು ಹಾಕ್ತಾರಲ್ಲ ಅಪ್ಪ."

ಇಂಥ ಉತ್ತರ ನಾಲಿಗೆಯ ತುದಿಗೆ ತಾನಾಗಿ ಬರಬೇಕು, ಕಲಿತು ಬರುವುದಲ್ಲ. ಆಮೇಲೆ ಶಾಲಿನೊಳಗಿನಿಂದ ಸ್ವಿಟ್ಜರ್ಲೆಂಡನ್ನು ನಿಧಾನವಾಗಿ ಹೊರಗೆಳೆದು ಪ್ರೊಜೆಕ್ಟರಿನ ಬೆಳಕಿಗೆ ಹಿಡಿದೆ. ಪರದೆಯ ಕಥೆ ಹೇಳಿದೆ. ಚಪ್ಪಲ್ ಉತಾರೋ ಎಂದು ಫೋಟೋದವನದೇ ದನಿಯಲ್ಲಿ ಕೂಗಿಯೂ ತೋರಿಸಿದೆ. "ಈಗ ಹೇಳಿ ಅಂಕಲ್. ಗೋಪುರ ಬಿಟ್ಟು ಕಾಲಿನ ಫೋಟೋ ಯಾರು ತೆಗೆಸ್ತಾರೆ?"

ಶೀನಣ್ಣ ಸ್ಲೈಡ್ ಬದಲಿಸುವ ಗುಂಡಿ ಹಿಡಿದುಕೊಂಡೇ ಇದ್ದರು. "ನಾನೇ ಹೇಳುದು, ಕಾಲು ಬರ್ಬೇಕು ಅಂತ. ಕಾಪುವಿಗೆ ಕಳಿಸ್ಲಿಕ್ಕೆ. ಅಮ್ಮ ಒಂದೇ ಮಾತು ಹೇಳಿದ್ದು, ಯಾವ ದೇವರಾದರೂ ಸರಿ, ಮೆಟ್ಟು ಹಾಕಿ ಒಳಗೆ ಹೋಗ್ಬೇಡ ಅಂತ. ನಾನು ಹೇಳಿದರೆ ಅವರು ನಂಬುದಿಲ್ಲ. ಫೋಟೋ ಬೇಕು."

ಸಿಕ್ಕಿಬಿದ್ದ ಕಳ್ಳರೆಲ್ಲ ಕೊನೆಗೆ ಅಮ್ಮನ ಹೆಸರನ್ನೇ ಹೇಳುವುದು, ನಾನೂ ಹೇಳಿದ್ದೇನೆ. ಹಾಗಾಗಿ ಮೂಗಿನಲ್ಲಿ ಒಂದು ಸಣ್ಣ ನಗು ನಕ್ಕು ಕುಳಿತೆ.

ಮೂರ್ತಿ ಅಂಕಲ್ ಕನ್ನಡಕ ಒರೆಸಿದರು. "ಅಲ್ಲಾ ಸ್ವಾಮಿ, ಬೇಜಾರ್ ಮಾಡ್ಕೋಬೇಡಿ. ಹುಡುಗಿ ಹೇಳೋದ್ರಲ್ಲೂ ಒಂದು ಪಾಯಿಂಟ್ ಇದೆ. ಹೆಂಡ್ತಿ ಮಕ್ಕಳು ಅಲ್ಲಿ ಕಾಯ್ತಾ ಇದಾರೆ. ಗೊತ್ತಿಲ್ದೇ ಇರೋ ದಾರೀಲಿ ಹೋಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಹಾಗಾದ್ರೆ ಬಸ್ಸಿನವನಿಗೆ ಬೇಡ ಅಂತ ಹೇಳುದಾ?" ಎಂದರು ಅಪ್ಪ. ಯಾರನ್ನು ಕೇಳಿದರೋ ಗೊತ್ತಿಲ್ಲ.

ಎಸಿ ಗರಗರ ಅನ್ನುತ್ತಿತ್ತು. ಶೀನಣ್ಣ ಗುಂಡಿ ಒತ್ತಿದರು, ರಂಗೂನ್ ಬಂತು. ಈ ಸಲ ನೆಲದ ವರ್ಣನೆ ಇಲ್ಲ. "ನೀವು ಬಾರದಿದ್ದರೆ ನಾನೂ ಹೋಗುದಿಲ್ಲ ಸದಾಶಿವರೇ. ಒಬ್ಬನೇ ಹೋಗಿ ಎಂತ ಮಾಡುದು?" ಅಂದರು.

ನಾನು ಗೆದ್ದಿದ್ದೆ. ಗೆದ್ದವರಿಗೆ ಯಾರಾದರೂ ಒಂದು ಲೋಟ ಶರಬತ್ತಾದರೂ ಕೊಡಬೇಕಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ನಾಳೆ ಈ ಹಾಲಿನಲ್ಲೇ, ನಾಡಿದ್ದೂ ಇಲ್ಲೇ, ಅಕ್ಕಿ ಮುಗಿಯುವ ತನಕ ಇಲ್ಲೇ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದ ಹಾಗೆ ಕಂಡಿತು. ಬೀದಿಯ ತಿರುವಿನಲ್ಲಿ ಯಾವುದೋ ಭಾರದ ಗಾಡಿ ಹೋದ ಸದ್ದಿಗೆ ಬೆಡ್‌ಶೀಟು ನಡುಗಿ ಪಗೋಡವೂ ನಡುಗಿತು.

ಆಗ ಬಾಗಿಲು ತೆರೆಯಿತು. ಅಮ್ಮ. ಮೊಣಕೈ ತನಕ ಹಿಟ್ಟು.

"ಎಂತ, ತೀರ್ಮಾನ ಆಯ್ತಾ?"

"ಪಮ್ಮಿ ಹೇಳುದು, ಇದೆಲ್ಲ ಸ್ಟುಡಿಯೋ ಪರದೆಯಂತೆ. ಶೀನಣ್ಣ ಎಲ್ಲಿಗೂ ಹೋಗಿಲ್ಲವಂತೆ" ಅಂದರು ಅಪ್ಪ.

ಅಮ್ಮ ಗೋಡೆ ನೋಡಿದಳು. ಕೊಕ್ಕರೆಯನ್ನು ನೋಡಿದಳು. ನನ್ನ ಕೈಯ ಸ್ವಿಟ್ಜರ್ಲೆಂಡನ್ನು ನೋಡಿದಳು.

"ಪಮ್ಮಿ, ಸ್ಟುಡಿಯೋದಲ್ಲಿ ನೆಲ ಸುಡ್ತಾ ಇತ್ತಾ?"

"ಇಲ್ಲ. ಎಸಿ ಇತ್ತಲ್ಲ."

"ಮತ್ತೆ ಇವರು ಯಾಕೆ ಒಂದು ಕಾಲಲ್ಲಿ ನಿಂತದ್ದು?"

"ಪೋಸು."

"ಪೋಸು ಕೊಡುವವರ ಮುಖ ಹೀಗಿರ್ತದಾ?"

ಇಷ್ಟು ಶುಕ್ರವಾರಗಳಲ್ಲಿ ನಾನು ಆ ಕಾಲು ಬಿಟ್ಟು ಮೇಲೆ ನೋಡಿರಲಿಲ್ಲ. ನೋಡಿದೆ. ಬಿಸಿ ಬೋಂಡ ಬಾಯಿಗೆ ಹಾಕಿಕೊಂಡು, ಉಗುಳಲೂ ಆಗದೆ ನುಂಗಲೂ ಆಗದೆ ನಿಂತವರ ಮುಖ.

"ಏಪ್ರಿಲಿನ ಮಧ್ಯಾಹ್ನ ದೇವಸ್ಥಾನದ ಕಲ್ಲಿನ ಮೇಲೆ ಪ್ರದಕ್ಷಿಣೆ ಬಂದವರಿಗೆ ಈ ಕಾಲು ಗೊತ್ತುಂಟು" ಎನ್ನುತ್ತ ಅಮ್ಮ ನೇರ ಗೋಡೆಯ ಹತ್ತಿರ ಹೋದಳು. ಪಗೋಡ ಅವಳ ಬೆನ್ನಿನ ಮೇಲೆ ಹತ್ತಿತು. "ಇದು ನನ್ನ ಬೆಡ್‌ಶೀಟು. ಗಂಟು ಕಟ್ಲಿಕ್ಕೆ ಬೇಕು." ಒಂದೇ ಎಳೆತಕ್ಕೆ ಮೊಳೆ ಸಮೇತ ಬಂತು. ರಂಗೂನ್ ಬರಿ ಗೋಡೆಯ ಮೇಲೆ, ಮೂರ್ತಿ ಅಂಕಲ್‌ರ ಕ್ಯಾಲೆಂಡರಿನ ಮೇಲೆ, ಅರ್ಧ ಅವರ ಫ್ರಿಜ್ಜಿನ ಮೇಲೆ ಬಿತ್ತು. ಹಳದಿ ಮೋಡ ಮಾತ್ರ ಅಮ್ಮನ ಕಂಕುಳಿಗೆ ಹೋಯಿತು.

"ಶೀನಣ್ಣ, ಹೋಗಿ ಬಸ್ಸಿನವನಿಗೆ ಹೇಳಿ ಬನ್ನಿ, ಬರ್ತೇವೆ ಅಂತ. ಮೂರ್ತಿಯವರೇ, ನಿಮಗೂ ಸೇರಿಸಿಯೇ ಚಪಾತಿ ಮಾಡಿದ್ದು."

"ಅಕ್ಕ..." ಎಂದರು ಶೀನಣ್ಣ. ಅವರು ಚಪ್ಪಲಿ ಹುಡುಕುತ್ತ ಬಾಗಿಲ ಕಡೆ ಓಡಿದರು.

ಒಂದು ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಾಗಿರಲಿಲ್ಲ. "ಆದ್ರೆ ಅಮ್ಮ, ರಂಗೂನಿಗೆ ಹೋದವರಿಗೆ ಜೋರ್ಡಾನಿನ ದಾರಿ ಹೇಗೆ..."

"ನೀನು ಬಾಯಿ ಮುಚ್ಚಿ ಮೇಲೆ ಹೋಗಿ ಆ ಪುದೀನ ಎಲ್ಲ ಕೊಯ್ದು ತಾ. ಮತ್ತೆ ನಿನ್ನ ಶೂ ಹುಡುಕಿ ಇಡು. ಚಪ್ಪಲಿ ಬೇಡ, ಕಟ್ಟುವ ಶೂ. ದಾರಿಯಿಡೀ ಮರಳುಂಟು."